ಮೂಗಿನ ನಡುಗೋಡೆ ಸೊಟ್ಟಗಾದಾಗ

ದೋಹಾ ಅಲ್ ಜದೀದಾದ ಹಳೆಯ ಕಟ್ಟಡಗಳ ಶೇರಿಂಗ್ ರೂಮುಗಳಲ್ಲಿ ರಾತ್ರಿಯಿಡೀ ಎರಡು ಸದ್ದು: ಒಂದು ಎಸಿಯದ್ದು, ಇನ್ನೊಂದು ಗೊರಕೆಯದ್ದು. ಹೊರಗೆ ಶಮಾಲ್ ಗಾಳಿಯ ದೂಳು, ಒಳಗೆ ಒಣ ತಂಪು. ಬಾಯಿ ತೆರೆದು ಮಲಗಿದವನಿಗೆ ಬೆಳಿಗ್ಗೆ ಗಂಟಲೆಲ್ಲ ಒಣ. ಊರಿಗೆ ಫೋನ್ ಮಾಡಿದರೆ ಅಮ್ಮನ ತೀರ್ಪು ಸಿದ್ಧವಿರುತ್ತದೆ: "ಮೂಗಲ್ಲಿ ಮೂಳೆ ಬೆಳೆದಿರ್ಬೇಕು ಮಗಾ, ರಜೆಗೆ ಬಂದಾಗ ಆಪರೇಷನ್ ಮಾಡಿಸಿಬಿಡು."

ಮೂಳೆ ಬೆಳೆಯುವ ಈ ಮಾತು ನಮ್ಮಲ್ಲಿ ಹೇಗೋ ಬೇರೂರಿದೆ. ಅಸಲಿಗೆ ಹೊಳ್ಳೆಗಳ ನಡುವಿನ ಗೋಡೆ ಮುಂದೆ ಕಿವಿಯ ಮೇಲಂಚಿನಂತೆ ಬಾಗುವ ಮೃದ್ವಸ್ಥಿ, ಹಿಂದೆ ತೆಳು ಮೂಳೆ. ಅದು ಹುಟ್ಟಿನಿಂದಲೋ, ಬೆಳೆಯುವಾಗಲೋ, ಕ್ರಿಕೆಟ್ ಚೆಂಡು ಬಡಿದೋ ಒಂದು ಕಡೆಗೆ ವಾಲುತ್ತದೆ. ತಿದ್ದಿ ಗೆರೆ ಎಳೆದಂಥ ನಡುಗೋಡೆ ಇರುವವರೇ ಕಡಿಮೆ. ಸ್ಕ್ಯಾನ್ ವರದಿಯಲ್ಲಿ 'ಡಿಎನ್‌ಎಸ್' (ಸೊಟ್ಟಗಾದ ನಡುಗೋಡೆ) ಎಂದಿದ್ದ ಮಾತ್ರಕ್ಕೆ ಹೆದರಿ ಆಪರೇಷನ್ ಟೇಬಲ್ ಹತ್ತಬೇಕಿಲ್ಲ.

ಯಾವ ಹೊಳ್ಳೆ ಕಟ್ಟಿದೆ ಎಂದು ನೋಡಲು ತಣ್ಣಗಿರುವ ಸ್ಟೀಲ್ ತಟ್ಟೆಯನ್ನು ಮೂಗಿನ ಕೆಳಗೆ ಹಿಡಿದು ಉಸಿರು ಬಿಡಿ. ಎರಡು ಮಬ್ಬು ಮಚ್ಚೆ ಮೂಡುತ್ತವೆ. ಒಂದು ಚಿಕ್ಕದಿದ್ದರೆ ಗಾಬರಿ ಬೇಡ. ಕೆಲವು ಗಂಟೆಗೊಮ್ಮೆ ಹೊಳ್ಳೆಗಳು ಸರದಿಯಂತೆ ಊದಿ ಇಳಿಯುವುದನ್ನು ಜರ್ಮನಿಯ ವೈದ್ಯ ಕೈಸರ್ 1895ರಲ್ಲೇ ಬರೆದಿಟ್ಟಿದ್ದಾರೆ. ಕಟ್ಟುವುದು ಎಡಬಲ ಬದಲಾಗುತ್ತಿದ್ದರೆ, ಜೊತೆಗೆ ಸೀನು, ತುರಿಕೆ ಇದ್ದರೆ, ಅಲರ್ಜಿಯ ಅನುಮಾನ ಹೆಚ್ಚು. ಅದಕ್ಕೆ ಉಪ್ಪುನೀರಿನ ತೊಳೆತ, ಸ್ಟಿರಾಯ್ಡ್ ಸ್ಪ್ರೇ. ತಕ್ಷಣ ಮೂಗು ತೆರೆಸುವ ಹನಿಗಳನ್ನು ಮಾತ್ರ ವಾರಗಟ್ಟಲೆ ಹಾಕಿಕೊಳ್ಳಬೇಡಿ. ಬಿಟ್ಟ ಕೂಡಲೇ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ.

ವರ್ಷವಿಡೀ ಒಂದೇ ಹೊಳ್ಳೆ ಕಟ್ಟಿದ್ದು, ಸ್ಪ್ರೇಗೂ ಜಗ್ಗದಿದ್ದರೆ ಆಗ ಶಸ್ತ್ರಚಿಕಿತ್ಸೆಯ ಮಾತು. ವೈದ್ಯರಾದ ಫ್ರೀಯರ್ 1902ರಲ್ಲಿ, ಕಿಲ್ಲಿಯನ್ 1904ರಲ್ಲಿ ವಿವರಿಸಿದ ಕ್ರಮದಲ್ಲಿ ಗೋಡೆಯ ಬಹುಭಾಗವನ್ನೇ ತೆಗೆಯುತ್ತಿದ್ದರು. ಕೆಲವರ ಮೂಗು ಆಮೇಲೆ ಕುದುರೆಯ ಜೀನಿನಂತೆ ಕುಸಿಯುತ್ತಿತ್ತು. ಗೋಡೆ ತಿದ್ದುವ ಈಗಿನ ಸೆಪ್ಟೋಪ್ಲಾಸ್ಟಿ ಜಿಪುಣತನದ ಕೆಲಸ. ಹೊಳ್ಳೆಯೊಳಗೇ ಸಣ್ಣ ಗೀರು ಹಾಕಿ, ಪೊರೆಯನ್ನು ಹರಿಯದಂತೆ ಎಬ್ಬಿಸಿ, ಬಾಗಿದ್ದನ್ನಷ್ಟೇ ತೆಗೆದು ಅಥವಾ ತಿದ್ದಿ, ಮೇಲೂ ಮುಂದೂ ಒಂದೊಂದು ಸೆಂಟಿಮೀಟರ್ ಆಧಾರಪಟ್ಟಿ ಉಳಿಸಿ, ಪೊರೆ ಹೊದಿಸಿ ಹೊಲಿಯುತ್ತಾರೆ. ಹೊರಗೆ ಗಾಯದ ಗುರುತಿಲ್ಲ.

ಫಲ ಇದೆಯೇ? ಬ್ರಿಟನ್ನಿನಲ್ಲಿ 378 ಮಂದಿಯನ್ನು ಎರಡು ಗುಂಪು ಮಾಡಿ ನೋಡಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಆರು ತಿಂಗಳಿಗೆ, 110 ಅಂಕಗಳ ತೊಂದರೆ ಪಟ್ಟಿಯಲ್ಲಿ (ಅಂಕ ಕಡಿಮೆಯಾದಷ್ಟೂ ತೊಂದರೆ ಕಡಿಮೆ) ಸ್ಪ್ರೇ ಗುಂಪಿನ ಸರಾಸರಿ 39.5, ಆಪರೇಷನ್ ಆದವರದ್ದು 19.9. ರಕ್ತಸ್ರಾವ, ಸೋಂಕು, ಮೇಲಿನ ಮುಂದಲ್ಲುಗಳ ಜೋಮು, ಅಪರೂಪಕ್ಕೆ ಗೋಡೆಯಲ್ಲಿ ತೂತು ಆಗುವುದುಂಟು ಎಂಬುದನ್ನೂ ಮೊದಲೇ ಕೇಳಿ ತಿಳಿಯಿರಿ. ಗೊರಕೆ ಪೂರ್ತಿ ನಿಲ್ಲುತ್ತದೆಂಬ ಭರವಸೆಯನ್ನಂತೂ ನಾನು ಕೊಡಲಾರೆ.

ದೋಹಾದಲ್ಲಿ ಹಮದ್ ಆಸ್ಪತ್ರೆಯ ಇಎನ್‌ಟಿ ವಿಭಾಗಕ್ಕೆ ಸಾಮಾನ್ಯವಾಗಿ ಹೆಲ್ತ್ ಸೆಂಟರಿನ ಚೀಟಿ ಹಿಡಿದು ಹೋಗಬೇಕು. ಊರಿನಲ್ಲೇ ಮಾಡಿಸುವುದಾದರೆ ರಜೆಯ ಮೊದಲ ವಾರದಲ್ಲೇ ಮುಗಿಸಿಕೊಳ್ಳುವುದು ಲೇಸು. ಮೊದಲ ಒಂದೆರಡು ವಾರ ಮೂಗು ಸೀಟುವಂತಿಲ್ಲ, ಭಾರ ಎತ್ತುವಂತಿಲ್ಲ. ಒಳಗೆ ಪಟ್ಟಿ ಇಟ್ಟಿದ್ದರೆ ಅದನ್ನು ತೆಗೆಸಬೇಕು. ವಾಪಸ್ ವಿಮಾನದ ಟಿಕೆಟ್ ತೆಗೆಯುವ ಮುನ್ನ ಡಾಕ್ಟರನ್ನು ಕೇಳಿ. ಹತ್ತು ಕೆ.ಜಿ. ಉಪ್ಪಿನಕಾಯಿ, ಹಪ್ಪಳದ ಪೆಟ್ಟಿಗೆಯನ್ನು ಈ ಸಲ ತಮ್ಮನೇ ಹೊತ್ತು ತರಲಿ.