ಮೂವತ್ತು ಲಕ್ಷ ಮೈಲಿ ಓಡಿದ ಕೆಂಪು ವೋಲ್ವೊ

ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡಿನ ವಿಜ್ಞಾನ ಮೇಷ್ಟ್ರು ಇರ್ವ್ ಗಾರ್ಡನ್ 1966ರಲ್ಲಿ ಕೆಂಪು ಬಣ್ಣದ ವೋಲ್ವೊ ಪಿ1800ಎಸ್ ಕಾರು ಕೊಂಡರು. ಶಾಲೆಗೆ ಹೋಗಿ ಬರುವುದಕ್ಕೇ ದಿನಕ್ಕೆ ಸುಮಾರು 200 ಕಿಲೋಮೀಟರ್ ಓಡಬೇಕಿತ್ತು. ರಜೆ ಸಿಕ್ಕರೆ ಅದೇ ಕಾರಿನಲ್ಲಿ ಊರೂರು ತಿರುಗಾಟ. 1987ರಲ್ಲಿ ಮೀಟರು ಹತ್ತು ಲಕ್ಷ ಮೈಲಿ ದಾಟಿತು, 2002ರಲ್ಲಿ ಇಪ್ಪತ್ತು ಲಕ್ಷ. 2013ರ ಸೆಪ್ಟೆಂಬರಿನಲ್ಲಿ ಅಲಾಸ್ಕಾದ ಹೆದ್ದಾರಿಯಲ್ಲಿ ಮೂವತ್ತು ಲಕ್ಷ ಮೈಲಿ, ಅಂದರೆ 48 ಲಕ್ಷ ಕಿಲೋಮೀಟರ್ ಪೂರೈಸಿತು. ಒಬ್ಬನೇ ಮಾಲೀಕ ಇಷ್ಟು ದೂರ ಓಡಿಸಿದ ಖಾಸಗಿ ಕಾರು ಇನ್ನೊಂದಿಲ್ಲ ಎಂದು ಗಿನ್ನೆಸ್ ದಾಖಲೆಯೂ ಅವರಿಗೆ ಸಂದಿತು. ಇಂಜಿನ್ನನ್ನು ಮೊದಲ ಸಲ ಬಿಚ್ಚಿ ಕಟ್ಟಿಸಿದ್ದು ಸುಮಾರು 6.8 ಲಕ್ಷ ಮೈಲಿ ಆದ ಮೇಲೆ.

ಆ ಇಂಜಿನ್ನಿನ ಹೆಸರು ಬಿ18. ಎರಕದ ಕಬ್ಬಿಣದ ಬ್ಲಾಕು, ನಾಲ್ಕು ಸಿಲಿಂಡರು, 1778 ಸಿಸಿ. ಆ ಕಾಲಕ್ಕೂ ಅದು ತೀರಾ ಹೊಸ ತಂತ್ರವೇನಲ್ಲ. ಗಟ್ಟಿತನದ ಗುಟ್ಟು ಇದ್ದದ್ದು ಕೆಳಗೆ, ಎಣ್ಣೆಯಲ್ಲಿ ತಿರುಗುವ ಕ್ರ್ಯಾಂಕ್‌ಶಾಫ್ಟಿನಲ್ಲಿ. ಸಿಲಿಂಡರಿನೊಳಗೆ ಪೆಟ್ರೋಲು ಹೊತ್ತಿಕೊಂಡಾಗಲೆಲ್ಲ ಪಿಸ್ಟನ್ನಿನ ಏಟು ಈ ಶಾಫ್ಟಿನ ಮೇಲೆ ಬೀಳುತ್ತದೆ, ಶಾಫ್ಟು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆಗಿನ ಅನೇಕ ನಾಲ್ಕು ಸಿಲಿಂಡರ್ ಇಂಜಿನ್ನುಗಳಲ್ಲಿ ಶಾಫ್ಟನ್ನು ಹಿಡಿಯಲು ಮೂರೇ ಮುಖ್ಯ ಬೇರಿಂಗ್ ಇರುತ್ತಿದ್ದವು. ಬಿ18ರಲ್ಲಿ ಐದು. ಹೀಗಾಗಿ ಪ್ರತಿ ಪಿಸ್ಟನ್ನಿನ ಎರಡೂ ಬದಿಗೆ ಆಸರೆ ಸಿಕ್ಕಿತು, ಬಾಗು ತಗ್ಗಿತು, ಬೇರಿಂಗಿನ ಸವೆತವೂ ತಗ್ಗಿತು. ಬ್ರಿಟನ್ನಿನ ಎಂಜಿಬಿ ಕಾರು 1964ರಲ್ಲಿ ಮೂರರಿಂದ ಐದು ಬೇರಿಂಗಿಗೆ ಬದಲಾಯಿತು.

ನಮ್ಮ ಅಂಬಾಸಡರಿನ 1489 ಸಿಸಿ ಪೆಟ್ರೋಲ್ ಇಂಜಿನ್ನೂ ಎಂಜಿಬಿಯದರಂತೆ ಬ್ರಿಟಿಷ್ ಬಿಎಂಸಿ ಕಂಪನಿಯ ಮನೆತನದ್ದು. ಅದಕ್ಕೆ ಮೂರೇ ಬೇರಿಂಗ್. ಆದರೂ ದಶಕಗಟ್ಟಲೆ ದುಡಿಯಿತು. ಅದನ್ನು ಯಾರೂ ಹೆಚ್ಚು ವೇಗಕ್ಕೆ ಎಳೆಯಲಿಲ್ಲ, ಕೆಟ್ಟರೆ ತಾಲ್ಲೂಕು ಕೇಂದ್ರದ ಮೆಕ್ಯಾನಿಕ್ಕೂ ಬಿಚ್ಚಿ, ಬೋರ್ ಮಾಡಿಸಿ, ಹೊಸ ರಿಂಗು ಹಾಕಿ ಕೊಡುತ್ತಿದ್ದ. ಸವೆಯದೆ ಬಾಳುವುದು ಒಂದು ಗುಣ, ಸವೆದರೂ ಸುಲಭವಾಗಿ ರಿಪೇರಿಯಾಗುವುದು ಇನ್ನೊಂದು. ಎರಡನೆಯದರಲ್ಲಿ ಅಂಬಾಸಡರ್ ಯಾರಿಗೂ ಕಡಿಮೆಯಿರಲಿಲ್ಲ.

ವೋಲ್ವೊ ಕಾರ್ಖಾನೆ ಬಿ18 ಇಂಜಿನ್ನುಗಳನ್ನು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ತಯಾರಿಸಿತು. ಅವೆಲ್ಲ ಮೂವತ್ತು ಲಕ್ಷ ಮೈಲಿ ಓಡಲಿಲ್ಲ. ಈ ಬಾಳಿಕೆಯ ಶ್ರೇಯದಲ್ಲಿ ಉಳಿದ ಪಾಲು ಗಾರ್ಡನ್ ಅವರದು. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಹೇಳಿದ್ದನ್ನು ಅವರು ಚಾಚೂ ತಪ್ಪದೆ ಮಾಡಿದರು, ಸುಮಾರು ಮೂರು ಸಾವಿರ ಮೈಲಿಗೊಮ್ಮೆ ಆಯಿಲ್ ಬದಲಿಸಿದರು. ದಿನವೂ ದೂರ ಓಡಿಸಿದ್ದು ಇದಕ್ಕಿಂತ ದೊಡ್ಡ ಕಾರಣವಿರಬಹುದು. ತಣ್ಣಗಿರುವ ಇಂಜಿನ್ ಸ್ಟಾರ್ಟ್ ಆದ ಮೊದಲ ಕ್ಷಣಗಳಲ್ಲಿ ಆಯಿಲ್ ಇನ್ನೂ ಎಲ್ಲ ಕಡೆ ಹರಿದಿರುವುದಿಲ್ಲ, ಲೋಹ ಲೋಹಕ್ಕೆ ಉಜ್ಜುತ್ತದೆ. ಒಮ್ಮೆ ಸ್ಟಾರ್ಟ್ ಮಾಡಿ ನೂರು ಕಿಲೋಮೀಟರ್ ಓಡುವ ಕಾರಿಗೂ, ಮಾರ್ಕೆಟ್ಟಿಗೆ ಹತ್ತು ಸಲ ಹೋಗಿಬರುವ ಕಾರಿಗೂ ಸವೆತದಲ್ಲಿ ಅಜಗಜಾಂತರ.

ಹಾಗಾದರೆ ಶೆಡ್ಡಿನಲ್ಲಿ ಜೋಪಾನವಾಗಿಟ್ಟ ಕಾರು? ಅದರ ಪಾಡು ಇನ್ನೂ ಕಷ್ಟ. ತೇವಕ್ಕೆ ಸಿಲಿಂಡರಿನ ಗೋಡೆ ತುಕ್ಕು ಹಿಡಿಯುತ್ತದೆ, ರಬ್ಬರ್ ಸೀಲುಗಳು ಒಣಗಿ ಬಿರಿಯುತ್ತವೆ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಐದು ನಿಮಿಷ ನಿಂತಲ್ಲೇ ಬಿಟ್ಟರೆ ಸಾಕು ಎಂಬ ರೂಢಿಯಿದೆ. ಅದರಿಂದ ಕೆಡುಕೇ ಹೆಚ್ಚು. ಪೆಟ್ರೋಲು ಉರಿದಾಗ ಹುಟ್ಟುವ ನೀರಾವಿ ಆಯಿಲ್ಲಿಗೆ ಸೇರುತ್ತದೆ, ಅದನ್ನು ಆವಿಯಾಗಿಸಿ ಹೊರಹಾಕುವಷ್ಟು ಬಿಸಿ ಬರುವ ಮೊದಲೇ ಇಂಜಿನ್ ಆರಿಹೋಗುತ್ತದೆ. ರಸ್ತೆಗಿಳಿಸಿ ಅರ್ಧ ಗಂಟೆಯಾದರೂ ಓಡಿಸಬೇಕು.

ಇಂಧನವೂ ಬದಲಾಗಿದೆ. ನಮ್ಮಲ್ಲಿ 2000ದವರೆಗೆ ಪೆಟ್ರೋಲಿನಲ್ಲಿ ಸೀಸ ಇರುತ್ತಿತ್ತು. ಅದು ಎಕ್ಸಾಸ್ಟ್ ವಾಲ್ವ್ ಕೂರುವ ಸೀಟನ್ನು ಕಾಯುತ್ತಿತ್ತು. ಈಗ ಹಳೆಯ ಕಬ್ಬಿಣದ ಸೀಟು ನಿಧಾನವಾಗಿ ಸವೆದು ಒಳಸರಿಯುವುದರಿಂದ, ಹೆಡ್ ಬಿಚ್ಚಿದಾಗಲೇ ಗಟ್ಟಿ ಲೋಹದ ಸೀಟು ಕೂರಿಸುವುದು ಲೇಸು. ಪೆಟ್ರೋಲಿಗೆ ಬೆರೆಸುವ ಎಥನಾಲ್ ಹಳೆಯ ರಬ್ಬರ್ ಪೈಪುಗಳನ್ನು ಮೆತ್ತಗಾಗಿಸುತ್ತದೆ. ಅವನ್ನು ಎಥನಾಲ್ ತಾಳುವ ಪೈಪುಗಳಿಗೆ ಬದಲಿಸಿಕೊಳ್ಳುವುದನ್ನು ಮುಂದಕ್ಕೆ ಹಾಕುವಂತಿಲ್ಲ. ಸೋರಿದ ಪೆಟ್ರೋಲು ಕಾದ ಎಕ್ಸಾಸ್ಟಿನ ಮೇಲೆ ಬಿದ್ದರೆ ಕಾರಿಗೇ ಬೆಂಕಿ ಹತ್ತಬಹುದು.