ಉಚಿತವಾದ ಹಿಮ್ಮೇಳ

ನಮ್ಮ ಕರಾವಳಿಯ ಯಕ್ಷಗಾನದಲ್ಲಿ ಮುಮ್ಮೇಳ ಮತ್ತು ಹಿಮ್ಮೇಳ ಎಂಬ ಎರಡು ಅಂಗಗಳುಂಟು. ವೇಷ ಧರಿಸಿ, ಕುಣಿದು, ಅರ್ಥ ಹೇಳುವವರು ಮುಮ್ಮೇಳದವರು. ಭಾಗವತರು, ಮದ್ದಳೆಯವರು, ಚೆಂಡೆಯವರು ಹಿಮ್ಮೇಳದವರು. ಹಿಮ್ಮೇಳ ಸೊರಗಿದರೆ ಆಟ ರಂಗೇರದು. ಅದು ಮಿತಿಮೀರಿದರೆ ವೇಷಧಾರಿಯ ಅರ್ಥವೇ ಕೇಳಿಸದು. ಇಂದು ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಮೊಬೈಲ್ ಫೋನಿನಿಂದಲೇ ವಿಡಿಯೊಗಳನ್ನು ತೆಗೆದು ಅಂತರಜಾಲದಲ್ಲಿ ಪ್ರಕಟಿಸುವ ರೂಢಿ ಬೆಳೆದಿದೆ. ಅವುಗಳಿಗೂ ಒಂದು ಹಿಮ್ಮೇಳವಿರಲಿ ಎಂದು ಬಯಸುವುದು ಸಹಜವೇ ಆಗಿದೆ. ಆ ಸಂಗೀತವನ್ನು ಎಲ್ಲಿಂದ ತರಬೇಕು, ಅದಕ್ಕೆಷ್ಟು ವೆಚ್ಚವಾದೀತು, ಯಾರ ಅನುಮತಿ ಬೇಕಾದೀತು ಎಂಬುದನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ವಿಷಯವನ್ನು ನಾನು ಪುಸ್ತಕದಿಂದ ಕಲಿತವನಲ್ಲ, ತಪ್ಪಿನಿಂದ ಕಲಿತವನು. ಹಿಂದೊಂದು ವರ್ಷ ನಮ್ಮ ವಾರ್ಷಿಕೋತ್ಸವದಲ್ಲಿ ಏಳನೆಯ ತರಗತಿಯ ಬಾಲಿಕೆಯೊಬ್ಬಳು ವಚನವೊಂದನ್ನು ಬಹು ಸೊಗಸಾಗಿ ಹೇಳಿದಳು. ಅದರ ವಿಡಿಯೊ ಬರಿದಾಗಿ ಕಾಣುತ್ತದೆಂದು ಹಿನ್ನೆಲೆಗೆ ಪ್ರಸಿದ್ಧ ಚಲನಚಿತ್ರಗೀತೆಯೊಂದರ ವಾದ್ಯಭಾಗವನ್ನು ಸೇರಿಸುವಂತೆ ಸೂಚಿಸಿದವನು ನಾನೇ. ಜಾಲತಾಣದಲ್ಲಿ ಅದನ್ನು ಪ್ರಕಟಿಸಿದ ಮರುದಿನ ಕೊಲ್ಲಿ ರಾಷ್ಟ್ರದಲ್ಲಿ ದುಡಿಯುತ್ತಿರುವ ಆಕೆಯ ತಂದೆ ಫೋನು ಮಾಡಿದರು: "ಮಾಷ್ಟ್ರೇ, ಮಗಳ ಬಾಯಿ ಆಡುವುದು ಕಾಣ್ತದೆ, ಸ್ವರ ಕೇಳುವುದಿಲ್ಲ." ಹಾಡಿನ ಹಕ್ಕು ಅನ್ಯರದಾದುದರಿಂದ ಜಾಲತಾಣವು ವಿಡಿಯೊದ ಧ್ವನಿಯನ್ನೇ ಅಡಗಿಸಿತ್ತು. ಸಂಗೀತ ಸೇರಿಸದ ಮೂಲ ಮುದ್ರಣವನ್ನು ನಾವು ಯಾರೂ ಉಳಿಸಿಕೊಂಡಿರಲಿಲ್ಲ. ಹಿಮ್ಮೇಳದ ಆಸೆಯಿಂದ ಮುಮ್ಮೇಳವನ್ನೇ ಕಳೆದುಕೊಂಡಂತಾಯಿತು.

'ಉಚಿತ' ಎಂಬ ಶಬ್ದದ ಎರಡು ಅರ್ಥಗಳನ್ನು ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕು. ಸಂಸ್ಕೃತದಲ್ಲಿ ಉಚಿತವೆಂದರೆ ತಕ್ಕದ್ದು, ಯೋಗ್ಯವಾದುದು. ಕಾಶ್ಮೀರದ ಕ್ಷೇಮೇಂದ್ರನು 11ನೆಯ ಶತಮಾನದಲ್ಲಿ 'ಔಚಿತ್ಯವಿಚಾರಚರ್ಚಾ' ಎಂಬ ಗ್ರಂಥವನ್ನೇ ರಚಿಸಿ, ಔಚಿತ್ಯವೇ ಕಾವ್ಯದ ಜೀವವೆಂದು ಪ್ರತಿಪಾದಿಸಿದನು. ಇಂದಿನ ಕನ್ನಡದಲ್ಲಾದರೋ ಉಚಿತವೆಂದರೆ ಬೆಲೆಯಿಲ್ಲದೆ ದೊರೆಯುವುದು ಎಂಬ ಅರ್ಥವೇ ಮುಂದಾಗಿದೆ. ಬೆಲೆಯಿಲ್ಲದೆ ಕೈಗೆ ಸಿಕ್ಕಿದ್ದೆಲ್ಲ ಬಳಸಲು ತಕ್ಕದ್ದಲ್ಲ. ನಮ್ಮ ಹಿಮ್ಮೇಳ ಎರಡು ಅರ್ಥದಲ್ಲಿಯೂ ಉಚಿತವಾಗಿರಬೇಕು.

ಒಂದು ಹಾಡಿಗೆ ಹಲವು ಒಡೆಯರು

ಭಾರತದಲ್ಲಿ ಈ ವಿಷಯವನ್ನು ನಿಯಂತ್ರಿಸುವುದು 1957ರ ಕೃತಿಸ್ವಾಮ್ಯ ಕಾಯಿದೆ. ಅದರ ದೃಷ್ಟಿಯಲ್ಲಿ ಹಾಡೆಂಬುದು ಒಂದೇ ವಸ್ತುವಲ್ಲ. ಸಾಹಿತ್ಯ ಒಂದು ಕೃತಿ, ರಾಗಸಂಯೋಜನೆ ಇನ್ನೊಂದು ಕೃತಿ, ಧ್ವನಿಮುದ್ರಿಕೆ ಮೂರನೆಯದು. ಇವುಗಳ ಮೇಲೆ ಹಾಡಿದವರಿಗೂ ನುಡಿಸಿದವರಿಗೂ ಪ್ರದರ್ಶಕರ ಹಕ್ಕು ಬೇರೆಯೇ ಇದೆ. ಸಾಹಿತ್ಯ ಮತ್ತು ಸಂಗೀತದ ಕೃತಿಗಳಿಗೆ ಕರ್ತೃವಿನ ಜೀವಿತಕಾಲ ಹಾಗೂ ಅನಂತರದ 60 ವರ್ಷಗಳ ರಕ್ಷಣೆಯುಂಟು. ಧ್ವನಿಮುದ್ರಿಕೆಗೆ ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ. ಪ್ರದರ್ಶಕರ ಹಕ್ಕಿಗೆ ಅದೇ ರೀತಿಯಲ್ಲಿ 50 ವರ್ಷ.

ಉದಾಹರಣೆಗಳಿಂದ ಇದು ಸ್ಪಷ್ಟವಾದೀತು. ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು 1937ರಲ್ಲಿ ತೀರಿಕೊಂಡರು. ಅವರ ಜೀವಿತಕಾಲದಲ್ಲಿ ಪ್ರಕಟವಾದ ಶಿಶುಗೀತೆಗಳು ಈಗ ಎಲ್ಲರ ಸೊತ್ತು. ಮಂಜೇಶ್ವರದ ಗೋವಿಂದ ಪೈಗಳು 1963ರಲ್ಲಿ ನಿಧನರಾದುದರಿಂದ, ಅವರು ಬದುಕಿದ್ದಾಗ ಪ್ರಕಟವಾದ ಕವಿತೆಗಳ ಸ್ವಾಮ್ಯ 2023ರ ಕೊನೆಗೆ ಮುಗಿಯಿತು. ಆದರೆ ಬೇಂದ್ರೆಯವರು ತೀರಿಕೊಂಡುದು 1981ರಲ್ಲಿ. ಅವರ ಕೃತಿಗಳಿಗೆ 2041ರವರೆಗೆ ರಕ್ಷಣೆಯಿದೆ. ಕುವೆಂಪು ಅವರು 1994ರಲ್ಲಿ ಅಗಲಿದುದರಿಂದ ಅವರ ಕೃತಿಗಳ ಅವಧಿ 2054ರವರೆಗೆ ಇದೆ. ಕಯ್ಯಾರ ಕಿಞ್ಞಣ್ಣ ರೈಗಳು 2015ರಲ್ಲಿ ನಿಧನರಾದರು. ಅವರ ಪದ್ಯವನ್ನು ಬಳಸಲು 2075ರವರೆಗೆ ಹಕ್ಕುದಾರರ ಒಪ್ಪಿಗೆ ಬೇಕು.

ಹೆಚ್ಚಿನವರು ಎಡವುವುದು ಹಳೆಯ ಸಾಹಿತ್ಯದ ಹೊಸ ಮುದ್ರಿಕೆಗಳಲ್ಲಿ. 12ನೆಯ ಶತಮಾನದ ವಚನಕ್ಕೆ ಸ್ವಾಮ್ಯವಿಲ್ಲ. ಪುರಂದರದಾಸರ ಕೀರ್ತನೆಗೂ ತ್ಯಾಗರಾಜರ ಕೃತಿಗೂ ಇಲ್ಲ. ಆದರೆ ಪಂಡಿತ ಮಲ್ಲಿಕಾರ್ಜುನ ಮನಸೂರರು ಹಾಡಿದ ವಚನದ ಮುದ್ರಿಕೆಗೆ ಅದನ್ನು ಪ್ರಕಟಿಸಿದ ಸಂಸ್ಥೆಯ ಹಕ್ಕು ಅನ್ವಯಿಸುತ್ತದೆ. ಆಧುನಿಕರು ಹೊಸದಾಗಿ ಹಾಕಿದ ರಾಗಸಂಯೋಜನೆಯಾದರೆ ಅದೂ ಸ್ವಾಮ್ಯಕ್ಕೆ ಒಳಪಟ್ಟೀತು. ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನಿನಲ್ಲಿ ನುಡಿಸಿದ ತ್ಯಾಗರಾಜರ ಕೃತಿಯ ವಿಷಯದಲ್ಲಿಯೂ ಇದೇ ಮಾತು. ಕೃತಿ ಎಲ್ಲರದು, ಮುದ್ರಿಕೆ ಎಲ್ಲರದಲ್ಲ. ನಮ್ಮ ತುಳು ಪಾಡ್ದನಗಳಿಗೆ ಕರ್ತೃವಿನ ಹೆಸರಿಲ್ಲದಿದ್ದರೂ ಹಾಡಿದ ಅಜ್ಜಿಯ ಕಂಠಕ್ಕೆ ಒಡತಿಯುಂಟು. ಅವರನ್ನು ಕೇಳಿಯೇ ಬಳಸಬೇಕು.

ಇನ್ನು ಕೆಲವು ಮಿಥ್ಯಾಭಾವನೆಗಳು. ಹತ್ತು ಹದಿನೈದು ಸೆಕೆಂಡುಗಳಷ್ಟು ಬಳಸಿದರೆ ದೋಷವಿಲ್ಲವೆಂಬ ಮಾತಿಗೆ ನಮ್ಮ ಕಾಯಿದೆಯಲ್ಲಿ ಆಧಾರವಿಲ್ಲ. ಕರ್ತೃವಿನ ಹೆಸರನ್ನು ಕೃತಜ್ಞತೆಯಿಂದ ನಮೂದಿಸಿದ ಮಾತ್ರಕ್ಕೆ ಅನುಮತಿ ಪಡೆದಂತಾಗುವುದಿಲ್ಲ. ಲಾಭಕ್ಕಾಗಿ ಅಲ್ಲವೆಂಬ ಸಮಾಧಾನವೂ ಸಾಲದು.

ಶಾಲೆಯ ವೇದಿಕೆ ಬೇರೆ, ಅಂತರಜಾಲ ಬೇರೆ

ಶಾಲೆಯಲ್ಲಿ ನಾವು ಎಷ್ಟೋ ಹಾಡುಗಳನ್ನು ಯಾರನ್ನೂ ಕೇಳದೆ ಹಾಡಿಸುತ್ತೇವಲ್ಲ ಎಂದು ವಾಚಕರು ಕೇಳಬಹುದು. ಕಾಯಿದೆಯ 52ನೆಯ ಪ್ರಕರಣ ಅದಕ್ಕೆ ಅವಕಾಶವಿತ್ತಿದೆ. ವಿದ್ಯಾಸಂಸ್ಥೆಯ ಚಟುವಟಿಕೆಯ ಅಂಗವಾಗಿ ಶಿಕ್ಷಕರೂ ವಿದ್ಯಾರ್ಥಿಗಳೂ ಹಾಡಿದರೆ, ಆಡಿದರೆ ಅದು ಉಲ್ಲಂಘನೆಯಲ್ಲ. ಧ್ವನಿಮುದ್ರಿಕೆಯನ್ನು ನುಡಿಸುವುದಾದರೆ ಕೇಳುಗರು ಶಿಕ್ಷಕರು, ವಿದ್ಯಾರ್ಥಿಗಳು, ಹೆತ್ತವರು, ಪೋಷಕರು ಹಾಗೂ ಸಂಸ್ಥೆಗೆ ಸಂಬಂಧಪಟ್ಟವರು ಮಾತ್ರ ಆಗಿರಬೇಕು. ಅದೇ ಕಾರ್ಯಕ್ರಮವನ್ನು ಲೋಕವೆಲ್ಲ ನೋಡುವಂತೆ ಅಂತರಜಾಲದಲ್ಲಿ ಇರಿಸಿದಾಗ ನಾವು ಆ ಆವರಣದಿಂದ ಹೊರಗೆ ಬರುತ್ತೇವೆ. ನನ್ನ ತಪ್ಪಿನ ಮೂಲವೂ ಇದೇ ಆಗಿತ್ತು.

ಈ ವಿನಾಯಿತಿಯ ಪ್ರಶ್ನೆ ನಮ್ಮ ಕರಾವಳಿಯಿಂದಲೇ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದುದುಂಟು. ಡಾ. ಶಿವರಾಮ ಕಾರಂತರು ರೂಪಿಸಿದ ಯಕ್ಷಗಾನ ಬ್ಯಾಲೆಯ ಕೃತಿಗಳ ಬಗೆಗಿನ ವ್ಯಾಜ್ಯದಲ್ಲಿ, ಅವರ ಉಯಿಲಿನಿಂದ ಹಕ್ಕು ಪಡೆದವರ ಸ್ವಾಮ್ಯವನ್ನು ನ್ಯಾಯಾಲಯವು 2009ರಲ್ಲಿ ಎತ್ತಿಹಿಡಿಯಿತು. ಅದರೊಂದಿಗೆ 52ನೆಯ ಪ್ರಕರಣದ ವಿನಾಯಿತಿಗೆ ಒಳಪಡುವ ಪ್ರದರ್ಶನಗಳಿಗೆ ತಡೆಯಾಜ್ಞೆ ಅಡ್ಡಿಯಾಗದೆಂದೂ ಸ್ಪಷ್ಟಪಡಿಸಿತು. ಹಕ್ಕೂ ಉಂಟು, ಅದಕ್ಕೊಂದು ಎಲ್ಲೆಯೂ ಉಂಟು ಎಂಬುದೇ ಇದರ ತಾತ್ಪರ್ಯ.

ಸಂಗೀತ ದೊರೆಯುವ ನೆಲೆಗಳು

ಹಾಗಾದರೆ ನಿರ್ಬಾಧಕವಾದ ಸಂಗೀತ ಎಲ್ಲಿ ದೊರೆಯುತ್ತದೆ? ಮೊದಲನೆಯದು ಯೂಟ್ಯೂಬಿನ ಆಡಿಯೊ ಲೈಬ್ರರಿ. ಯೂಟ್ಯೂಬ್ ಸ್ಟುಡಿಯೊವನ್ನು ತೆರೆದರೆ ಬದಿಯ ಪಟ್ಟಿಯಲ್ಲಿಯೇ ಅದು ಸಿಗುತ್ತದೆ. ಭಾವ, ವಾದ್ಯಶೈಲಿ ಹಾಗೂ ಕಾಲಾವಧಿಗೆ ಅನುಗುಣವಾಗಿ ಹುಡುಕಬಹುದು, ಹಣ ಕೊಡಬೇಕಾಗಿಲ್ಲ. ಕೆಲವು ಸಂಗೀತಕ್ಕೆ ಮಾತ್ರ ಕರ್ತೃವಿನ ಹೆಸರನ್ನು ವಿಡಿಯೊದ ವಿವರಣೆಯಲ್ಲಿ ಬರೆಯಬೇಕೆಂಬ ನಿಬಂಧನೆಯಿದೆ. ಇಲ್ಲಿಂದ ಪಡೆದುದನ್ನು ಬೇರೆ ತಾಣಗಳಲ್ಲಿ ಬಳಸುವ ಮುನ್ನ ನಿಬಂಧನೆಗಳನ್ನು ಮತ್ತೊಮ್ಮೆ ಓದುವುದು ಕ್ಷೇಮ.

ಎರಡನೆಯದು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಸಂಗೀತ. 2001ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯ ಪರವಾನಗಿಗಳ ಮೂಲಕ ಕರ್ತೃಗಳು ತಮ್ಮ ಕೃತಿಯ ಬಳಕೆಗೆ ಮುಂಗಡವಾಗಿಯೇ ಅನುಮತಿ ಕೊಟ್ಟಿರುತ್ತಾರೆ. ಅದರ ಸಂಕೇತಾಕ್ಷರಗಳನ್ನು ಅರಿತಿರಬೇಕು. 'ಬಿವೈ' ಎಂದರೆ ಕರ್ತೃವಿನ ಹೆಸರು ಹೇಳಬೇಕು. 'ಎನ್‌ಸಿ' ಎಂದರೆ ವಾಣಿಜ್ಯಕ್ಕೆ ಬಳಸಕೂಡದು. 'ಎಸ್‌ಎ' ಎಂದರೆ ನಾವು ರಚಿಸಿದುದನ್ನೂ ಅದೇ ಪರವಾನಗಿಯಲ್ಲಿ ನೀಡಬೇಕು. 'ಎನ್‌ಡಿ' ಎಂದರೆ ಮಾರ್ಪಾಡು ಕೂಡದು. ಸಂಗೀತವನ್ನು ಚಲಿಸುವ ಚಿತ್ರಕ್ಕೆ ಹೊಂದಿಸುವುದನ್ನು ಮಾರ್ಪಾಡೆಂದೇ ಪರಿಗಣಿಸುವುದರಿಂದ, ಈ ಗುರುತಿನ ಸಂಗೀತ ವಿಡಿಯೊಗೆ ಸಲ್ಲದು. 'ಸಿಸಿ ಝೀರೊ' ಎಂದಿದ್ದರೆ ಯಾವ ಷರತ್ತೂ ಇಲ್ಲ. ಫ್ರೀ ಮ್ಯೂಸಿಕ್ ಆರ್ಕೈವ್ ಎಂಬ ತಾಣದಲ್ಲಿಯೂ, ಕೆವಿನ್ ಮೆಕ್‌ಲಿಯೋಡ್ ಎಂಬ ಸಂಗೀತಕಾರರ ಇನ್‌ಕಾಂಪಿಟೆಕ್ ತಾಣದಲ್ಲಿಯೂ ಇಂತಹ ಸಂಗೀತವಿದೆ. ಮಳೆ, ಹಕ್ಕಿ, ಗಂಟೆ ಮುಂತಾದ ಸದ್ದುಗಳಿಗೆ ಫ್ರೀಸೌಂಡ್ ತಾಣ ಉಪಯುಕ್ತ. ಒಂದೇ ತಾಣದಲ್ಲಿಯೂ ಒಂದೊಂದು ಸಂಗೀತಕ್ಕೆ ಒಂದೊಂದು ಪರವಾನಗಿ ಇರಬಹುದಾದುದರಿಂದ ಪ್ರತಿಯೊಂದನ್ನೂ ಪ್ರತ್ಯೇಕವಾಗಿ ನೋಡಬೇಕು.

ಮೂರನೆಯದು ಹಣ ಕೊಟ್ಟು ಪಡೆಯುವುದು. ಇಲ್ಲಿ 'ರಾಯಲ್ಟಿ ಫ್ರೀ' ಎಂಬ ಮಾತು ಹಲವರನ್ನು ತಪ್ಪುದಾರಿಗೆ ಎಳೆಯುತ್ತದೆ. ಅದರ ಅರ್ಥ ಬೆಲೆಯಿಲ್ಲವೆಂದಲ್ಲ; ಒಮ್ಮೆ ಕೊಟ್ಟ ಬಳಿಕ ಪ್ರತಿ ಬಳಕೆಗೂ ಮತ್ತೆ ಗೌರವಧನ ಕೊಡಬೇಕಾಗಿಲ್ಲವೆಂದು. ಕೆಲವು ಸಂಸ್ಥೆಗಳು ತಿಂಗಳ ಅಥವಾ ವರ್ಷದ ಚಂದಾ ಪಡೆಯುತ್ತವೆ. ವರ್ಷಕ್ಕೆ ನಾಲ್ಕಾರು ವಿಡಿಯೊ ಮಾಡುವ ಶಾಲೆಗೆ ಚಂದಾಕ್ಕಿಂತ ಬಿಡಿಯಾಗಿ ಒಂದೆರಡನ್ನು ಕೊಳ್ಳುವುದೇ ಮಿತವ್ಯಯ. ಚಂದಾ ನಿಂತ ಮೇಲೆ ಹಳೆಯ ವಿಡಿಯೊಗಳ ಗತಿಯೇನೆಂಬುದನ್ನು ಮೊದಲೇ ತಿಳಿದುಕೊಳ್ಳಬೇಕು.

ಎಲ್ಲಿಂದಲೇ ಪಡೆಯಲಿ, ಹಾಜರಿ ಪುಸ್ತಕದಂತೆ ಒಂದು ದಾಖಲೆಯನ್ನು ಇಡುವುದು ಅವಶ್ಯ. ಸಂಗೀತದ ಹೆಸರು, ಕರ್ತೃ, ತಾಣ, ಪರವಾನಗಿ, ಪಡೆದ ದಿನಾಂಕ ಇಷ್ಟನ್ನು ಬರೆದಿಟ್ಟರೆ ಸಾಕು. ಯೂಟ್ಯೂಬ್ 2007ರಿಂದ ಕಂಟೆಂಟ್ ಐಡಿ ಎಂಬ ವ್ಯವಸ್ಥೆಯನ್ನು ಹೊಂದಿದೆ. ಅದು ಪ್ರತಿ ವಿಡಿಯೊದ ಧ್ವನಿಯನ್ನೂ ಹಕ್ಕುದಾರರು ಕೊಟ್ಟ ಮಾದರಿಗಳೊಂದಿಗೆ ಯಂತ್ರದಿಂದಲೇ ಹೋಲಿಸುತ್ತದೆ. ಯಂತ್ರ ತಪ್ಪು ಮಾಡಿದರೆ ನಮ್ಮ ಪರವಾಗಿ ಮಾತಾಡುವುದು ಈ ದಾಖಲೆ ಮಾತ್ರ.

ನಮ್ಮದೇ ಆದ ನಾದ

ಇವೆಲ್ಲಕ್ಕಿಂತ ಉತ್ತಮವಾದ ಮಾರ್ಗವೊಂದಿದೆ. ಅದು ನಮ್ಮ ಶಾಲೆಯ ಗೋಡೆಗಳೊಳಗೇ ಇದೆ. ಹಾರ್ಮೋನಿಯಂ, ಕೊಳಲು, ತಬಲ, ಮದ್ದಳೆ ಕಲಿಯುತ್ತಿರುವ ಮಕ್ಕಳು ಹಲವು ಶಾಲೆಗಳಲ್ಲಿ ಇದ್ದಾರೆ. ಅವರಿಂದ ಒಂದು ರಾಗದ ಆಲಾಪವನ್ನು ಎರಡು ನಿಮಿಷ ನುಡಿಸಿ ಮುದ್ರಿಸಿಕೊಂಡರೆ ಯಾರ ಹಂಗೂ ಇಲ್ಲ. ರಾಗಗಳಿಗೆ ಸ್ವಾಮ್ಯವಿಲ್ಲ. ಮಕ್ಕಳ ಮತ್ತು ಹೆತ್ತವರ ಒಪ್ಪಿಗೆ ಪಡೆದು, ವಿಡಿಯೊದ ಕೊನೆಯಲ್ಲಿ ನುಡಿಸಿದವರ ಹೆಸರನ್ನು ತೋರಿಸಿದರೆ ಅವರಿಗದು ಪ್ರೋತ್ಸಾಹವೂ ಆದೀತು. ಮುದ್ರಣಕ್ಕೆ ಪುಸ್ತಕದ ಕಪಾಟುಗಳಿರುವ ಚಿಕ್ಕ ಕೋಣೆ ಒಳ್ಳೆಯದು. ಬರಿಯ ಗೋಡೆಗಳಿಂದ ಸ್ವರ ಪ್ರತಿಧ್ವನಿಸುತ್ತದೆ. ಪಂಖವನ್ನು ನಿಲ್ಲಿಸಿ, ಫೋನನ್ನು ವಾದ್ಯದ ಸಮೀಪ ಇರಿಸಬೇಕು. ಆಷಾಢದ ಮಳೆ ಹಂಚಿನ ಮೇಲೆ ಬೀಳುವ ಸದ್ದು, ಪಣಂಬೂರಿನ ತೆರೆಗಳ ಮೊರೆತ ಇವೂ ಹಿಮ್ಮೇಳವೇ. ನಾವೇ ಮುದ್ರಿಸಿಕೊಂಡರೆ ಅವು ನಮ್ಮವೇ.

ಕೊನೆಯದಾಗಿ ಔಚಿತ್ಯದ ಮಾತು. ಮಾತಿನ ಹಿಂದೆ ಸಾಹಿತ್ಯವಿರುವ ಹಾಡನ್ನು ಇರಿಸಬಾರದು. ಕಿವಿಯು ಎರಡು ನುಡಿಗಳನ್ನು ಒಟ್ಟಿಗೆ ಗ್ರಹಿಸಲಾರದು. ಹಿನ್ನೆಲೆಯ ಸದ್ದು ಮಾತಿಗಿಂತ ಕನಿಷ್ಠ 20 ಡೆಸಿಬೆಲ್ ತಗ್ಗಿರಲೆಂದು ಅಂತರಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಸೂಚಿಸಿದೆ. ಇದರಿಂದ ಕಿವಿ ಮಂದವಾದ ಹಿರಿಯರಿಗೂ ಮಾತು ತಿಳಿಯುತ್ತದೆ. ಸಂಗೀತ ಸೇರಿಸುವ ಮುನ್ನ ಮೂಲ ಮುದ್ರಣದ ಪ್ರತಿಯೊಂದನ್ನು ತಪ್ಪದೆ ತೆಗೆದಿಡಬೇಕು. ಶೋಕರಸದ ಪಿಟೀಲು ಕ್ರೀಡೋತ್ಸವಕ್ಕೆ ಸಲ್ಲದು. ಅಂತೆಯೇ ಕೆಲವು ಕಡೆ ಮೌನವೇ ಎಲ್ಲಕ್ಕಿಂತ ಉಚಿತ.

ಮರುವರ್ಷ ಅದೇ ಬಾಲಿಕೆ ಅದೇ ವಚನವನ್ನು ಮತ್ತೆ ಹೇಳಿದಳು. ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬ ಹಾರ್ಮೋನಿಯಂ ನುಡಿಸಿದನು. ಅಂದು ರಾತ್ರಿ ಆಕೆಯ ತಂದೆ ಪುನಃ ಫೋನು ಮಾಡಿ, "ಈಗ ಕೇಳ್ತದೆ ಮಾಷ್ಟ್ರೇ" ಎಂದರು. ನಮ್ಮ ಮಕ್ಕಳ ಸ್ವರ ಹೀಗೆಯೇ ದೂರ ದೂರಕ್ಕೂ ನಿರ್ವಿಘ್ನವಾಗಿ ಕೇಳಿಸುವಂತಾಗಲಿ.