ಗಟ್ಟಿಯಾದ ಬ್ರೇಕ್, ಕುಗ್ಗಿದ ಎಳೆತ: ಡೀಸೆಲ್ ಪಿಕಪ್‌ಗಳಲ್ಲಿ ವ್ಯಾಕ್ಯೂಮ್ ಸೋರಿಕೆಯ ಪತ್ತೆ
ಟೊಮೆಟೊ ಹೇರಿದ ಪಿಕಪ್‌ನ ಬ್ರೇಕ್ ಪೆಡಲ್ ಗಟ್ಟಿಯಾಗಿ, ಏರಿನಲ್ಲಿ ಎಳೆತವೂ ಕುಗ್ಗಿದರೆ ಇವು ಎರಡು ಬೇರೆ ದೋಷಗಳೆಂದು ಕೂಡಲೇ ತೀರ್ಮಾನಿಸಬೇಡಿ. ಡೀಸೆಲ್ ವಾಹನಗಳಲ್ಲಿ ಬ್ರೇಕ್ ಬೂಸ್ಟರ್‌ಗೆ ವ್ಯಾಕ್ಯೂಮ್ ಒದಗಿಸುವುದು ಪ್ರತ್ಯೇಕ ಪಂಪು. ಹಲವು ಮಾದರಿಗಳಲ್ಲಿ ಟರ್ಬೊ ನಿಯಂತ್ರಣವೂ ಇದನ್ನೇ ಅವಲಂಬಿಸಿದೆ.

ಸಮತಟ್ಟಾದ ಜಾಗದಲ್ಲಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನ್ ನಿಲ್ಲಿಸಿ ಪೆಡಲನ್ನು ಐದಾರು ಬಾರಿ ತುಳಿಯಿರಿ. ತುಳಿದು ಹಿಡಿದೇ ಎಂಜಿನ್ ಚಾಲೂ ಮಾಡಿದಾಗ ಪೆಡಲ್ ತುಸು ಕೆಳಗಿಳಿಯಬೇಕು. ಇಳಿಯದಿದ್ದರೆ ಪಂಪು, ಕೊಳವೆ ಅಥವಾ ಬೂಸ್ಟರಿನಲ್ಲಿ ದೋಷವಿದೆ. ಪೆಡಲ್ ಒತ್ತಿ ಹಿಡಿದಿರುವಷ್ಟು ಹೊತ್ತೂ ಬುಸುಗುಡುವ ಸದ್ದು ಕೇಳಿದರೆ ಬೂಸ್ಟರಿನ ಒಳಪೊರೆ ಹರಿದಿರಬಹುದು. ಆದರೂ ಮೊದಲು ರಬ್ಬರ್ ಕೊಳವೆಯನ್ನೇ ನೋಡಿ. ಬಿರುಕಷ್ಟೇ ಅಲ್ಲ, ದಾಸ್ತಾನು ಕೊಠಡಿಯ ಬಳಿ ನಿಲ್ಲಿಸುವ ವಾಹನಗಳಲ್ಲಿ ಇಲಿ ಕಡಿತವೂ ಇರಬಹುದು.

ದುರಸ್ತಿಯಾಗುವವರೆಗೆ ಸರಕು ಹೇರಿ ಘಟ್ಟ ಇಳಿಯಬೇಡಿ. ಏರ್ ಬ್ರೇಕ್ ಇರುವ ದೊಡ್ಡ ಲಾರಿಗಳಿಗೆ ಈ ಪರೀಕ್ಷೆ ಅನ್ವಯಿಸದು.